ನಿಮ್ಮ ಪಾಳಿ ಬಂತ್ರೀ



ನಮ್ಮೂರು ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ. ಊರ ಹೆಸರಿನಲ್ಲೇ ಕೆರೆ ಇದೆ. ಆ ಕೆರೆ ಸೂಳೆಕೆರೆ. ಸರ್ಕಾರದ ಬೋರ್ಡಿನಲ್ಲಿ ಶಾಂತಿಸಾಗರ. ಹರಿದ್ರಾವತಿ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ನೀರು. ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂದು ಹೊರಗಿನವರ ಮುಂದೆ ಹೇಳಿಕೊಳ್ಳುತ್ತೇವೆ. ಹಾಗಾದರೆ ಮೊದಲನೆಯದು ಯಾವುದು ಎಂದು ಯಾರಾದರೂ ಕೇಳಿದರೆ ಮೆಲ್ಲಗೆ ಮಾತು ಬದಲಿಸುತ್ತೇವೆ.

ನಾನು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವನು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಅದೇ ಕಸುಬು. ಸಾಫ್ಟ್‌ವೇರ್ ಕೆಲಸಗಾರರು ತಂಡದಲ್ಲಿ ಒಬ್ಬರಿಗೊಬ್ಬರು ಹೇಗೆ ನಡೆದುಕೊಳ್ಳಬೇಕು ಎನ್ನುವುದರ ಮೇಲೆ ಮಾತಾಡಿ ಎಂದು ಆಕಾಶವಾಣಿಯವರು ಹೇಳಿದಾಗ ನನಗೆ ನೆನಪಾದದ್ದು ಆಫೀಸಲ್ಲ, ನಮ್ಮಜ್ಜನ ಗದ್ದೆ.

ಸೂಳೆಕೆರೆಗೆ ಎರಡು ನಾಲೆ. ಒಂದು ಸಿದ್ಧನಾಲೆ, ಇನ್ನೊಂದು ಬಸವನಾಲೆ. ನಾಲೆಯಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ, ಮಡಿಯಿಂದ ಮಡಿಗೆ ನೀರು ಇಳಿಯುತ್ತಾ ಹೋಗುತ್ತದೆ. ನಮ್ಮದು ಕೊನೆಯ ಕಡೆಗಿದ್ದ ಮಡಿ. ಮೇಲಿನ ಐದಾರು ಮನೆಯವರದು ಮುಗಿದ ಮೇಲೆ ನಮ್ಮ ಪಾಳಿ. ಹೆಚ್ಚಿನ ಸಲ ಅದು ರಾತ್ರಿ ಹೊತ್ತು. ಅಜ್ಜ ಕಂಬಳಿ ಹೊದ್ದು ಬದುವಿನ ಮೇಲೆ ಕೂತಿರುತ್ತಿದ್ದ. ನಾನು ಲಾಟೀನು ಹಿಡಿದು ಪಕ್ಕದಲ್ಲಿ ತೂಕಡಿಸುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಕತ್ತಲೊಳಗಿಂದ ಒಂದು ಕೂಗು ಬರುತ್ತಿತ್ತು: ‘ಗೌಡ್ರೇ, ನಿಮ್ ಪಾಳಿ ಬಂತ್ರೀ!’

ಕೂಗಿದವರು ಮೇಲಿನ ಮಡಿಯವರು. ಕೂಗುವುದಕ್ಕೆ ಮುಂಚೆ ಅವರು ಎರಡು ಕೆಲಸ ಮುಗಿಸಿರುತ್ತಿದ್ದರು. ತಮ್ಮ ಮಡೆಯನ್ನು, ಅಂದರೆ ಗದ್ದೆಗೆ ನೀರು ಬರುವ ಬಾಯನ್ನು, ಹಸಿ ಮಣ್ಣಿನಿಂದ ಬಿಗಿಯಾಗಿ ಕಟ್ಟಿ, ಮೇಲೊಂದು ಹುಲ್ಲಿನ ಹೆಂಟೆ ಒತ್ತಿ, ಕಾಲಲ್ಲಿ ತುಳಿದಿರುತ್ತಿದ್ದರು. ಕಾಲುವೆಯಲ್ಲಿ ಸಿಕ್ಕಿಕೊಂಡ ಕಸಕಡ್ಡಿ ಎತ್ತಿ ಬದಿಗೆ ಹಾಕಿರುತ್ತಿದ್ದರು. ಆಮೇಲೆ ಕೂಗು. ಅವರ ಮುಖ ನಮಗೆ ಕಾಣದು, ನಮ್ಮ ಮುಖ ಅವರಿಗೆ ಕಾಣದು. ಮಡೆ ಸಡಿಲ ಕಟ್ಟಿ ಮನೆಗೆ ಹೋಗಿ ಮಲಗಿದ್ದರೂ ಆ ರಾತ್ರಿ ಯಾರೂ ಕೇಳುತ್ತಿರಲಿಲ್ಲ. ಹಾಗೆ ಹೋಗಿ ಮಲಗುವವನೂ ಒಬ್ಬ ಇದ್ದ, ಇಲ್ಲ ಎನ್ನಲಾರೆ. ಅವನ ವಿಷಯ ಬಂದಾಗಲೆಲ್ಲ ಅಜ್ಜ ಒಂದೇ ಮಾತು ಹೇಳಿ ಸುಮ್ಮನಾಗುತ್ತಿದ್ದ: ‘ಅವ ನೀರು ಬಿಡಲ್ಲ ತಮ್ಮಾ, ನೀರು ತಾನಾಗೇ ಬರ್ತೈತಿ ಅಷ್ಟೆ.’

ಈಗ ನನ್ನ ಕಸುಬಿಗೆ ಬರುತ್ತೇನೆ. ಪ್ರೋಗ್ರಾಮ್ ಎಂದರೆ ಒಬ್ಬ ಜಾಣ ಒಂದು ಕೋಣೆಯಲ್ಲಿ ಕೂತು ಬರೆದು ಮುಗಿಸುವ ವಸ್ತು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ನೀವು ಫೋನಿನಲ್ಲಿ ದುಡ್ಡು ಕಳಿಸುತ್ತೀರಲ್ಲ, ಆ ಒಂದು ಗುಂಡಿ ಒತ್ತಿದರೆ ನೂರಾರು ಜನರು ಬರೆದ ಸಾಲುಗಳು ಒಂದರ ಮೇಲೊಂದು ಓಡುತ್ತವೆ. ಅವರಲ್ಲಿ ಎಷ್ಟೋ ಜನ ಆ ಕೆಲಸ ಬಿಟ್ಟು ಹೋಗಿರುತ್ತಾರೆ. ಕೆಲವರು ತೀರಿಕೊಂಡೂ ಇರುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರ ಕಡೆಗೆ ಹರಿದುಹೋಗುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಅಪ್‌ಸ್ಟ್ರೀಮ್, ಡೌನ್‌ಸ್ಟ್ರೀಮ್ ಎನ್ನುತ್ತಾರೆ. ಈ ಪದಗಳನ್ನು ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ಮೇಲಿನ ಮಡಿ, ಕೆಳಗಿನ ಮಡಿ. ಇಷ್ಟು ದೂರ ಬಂದು ಕಂಪ್ಯೂಟರ್ ಕಲಿತರೂ ನಾನು ಕೂತದ್ದು ಅದೇ ಕಾಲುವೆಯ ದಂಡೆಯ ಮೇಲೆ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಬಹಳ ಜನರ ಹಾಗೆ ನಾನೂ ಊರು ಸೇರಿದೆ. ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ಒಂದು ಹಳೆಯ ಮೇಜು ಹಾಕಿಕೊಂಡು ಕೆಲಸ ಶುರುಮಾಡಿದೆ. ನಮ್ಮ ತಂಡಕ್ಕೆ ಆಗಷ್ಟೇ ಒಬ್ಬ ಹೊಸ ಹುಡುಗ ಸೇರಿದ್ದ. ನ್ಯಾಮತಿ ಕಡೆಯವನು. ಅವನೂ ತನ್ನ ಹಳ್ಳಿಯಲ್ಲೇ ಇದ್ದ. ಬೈಕಿನಲ್ಲಿ ಹೊರಟರೆ ನಮ್ಮಿಬ್ಬರ ನಡುವೆ ಎರಡು ತಾಸಿನ ದಾರಿಯೂ ಇಲ್ಲ. ಆದರೂ ನಾವಿಬ್ಬರು ಎಲ್ಲೋ ಪರದೇಶದ ಸರ್ವರಿನ ಮೂಲಕ, ಇಂಗ್ಲಿಷಿನಲ್ಲಿ, ಬರಹದಲ್ಲಿ ಮಾತಾಡುತ್ತಿದ್ದೆವು.

ನಮ್ಮಲ್ಲಿ ಕೋಡ್ ರಿವ್ಯೂ ಎಂಬ ಒಂದು ಕ್ರಮವಿದೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ಓದಿ, ಸಾಲಿನ ಪಕ್ಕ ಟಿಪ್ಪಣಿ ಹಾಕಿ, ಒಪ್ಪಿದ ಮೇಲೆಯೇ ಅದು ಮುಂದೆ ಹೋಗಬೇಕು. ಹುಡುಗ ಬಿಲ್ಲಿನ ಲೆಕ್ಕದ ಒಂದು ಭಾಗ ಬರೆದಿದ್ದ. ಒಂದು ಬಿಲ್ಲಿನಲ್ಲಿ 1 ರೂಪಾಯಿ 30 ಪೈಸೆಯ ಮೂರು ಸಾಮಾನು ಇದೆ ಎನ್ನಿ. ಶೇಕಡಾ 18 ತೆರಿಗೆ. ಒಂದೊಂದಕ್ಕೂ ತೆರಿಗೆ 23.4 ಪೈಸೆ. ಒಂದೊಂದನ್ನೂ ಆಗಲೇ ಪೂರ್ಣಾಂಕಕ್ಕೆ ತಂದು 23 ಎಂದುಕೊಂಡು ಕೂಡಿದರೆ 69 ಪೈಸೆ. ಎಲ್ಲವನ್ನೂ ಮೊದಲು ಕೂಡಿ ಕೊನೆಯಲ್ಲಿ ಒಂದೇ ಸಲ ಪೂರ್ಣಾಂಕಕ್ಕೆ ತಂದರೆ 70 ಪೈಸೆ. ಹುಡುಗ ಎರಡನೆಯ ರೀತಿ ಮಾಡಿದ್ದ. ನಾನು ತಾರಸಿಯ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಆ ಸಾಲು ಓದಿ, ಪಕ್ಕದಲ್ಲಿ ಒಂದೇ ಒಂದು ಪದ ಬರೆದೆ: ‘ವೈ?’

ನಾನು ಕೇಳಿದ್ದು ನಿಜಕ್ಕೂ ಪ್ರಶ್ನೆ. ನನಗೆ ಕಾರಣ ಗೊತ್ತಿರಲಿಲ್ಲ, ತಿಳಿದುಕೊಳ್ಳೋಣ ಅನ್ನಿಸಿತು, ಅಷ್ಟೆ. ಎರಡು ದಿನ ಹುಡುಗನಿಂದ ಉತ್ತರವಿಲ್ಲ. ಮೂರನೆಯ ದಿನ ನೋಡಿದರೆ ಅದನ್ನು ಪೂರಾ ಬದಲಿಸಿ, ಒಂದೊಂದು ಸಾಮಾನಿಗೂ ಬೇರೆ ಬೇರೆ ಪೂರ್ಣಾಂಕ ಮಾಡಿ, ‘ಸಾರಿ ಸರ್, ಫಿಕ್ಸ್ಡ್’ ಎಂದು ಬರೆದಿದ್ದ. ನನಗೆ ಬೇರೆ ಕೆಲಸವಿತ್ತು. ಸರಿ ಎಂದು ಒಪ್ಪಿಗೆ ಒತ್ತಿದೆ. ತಿಂಗಳ ಕೊನೆಗೆ ಗಿರಾಕಿಯ ಕಡೆಯ ಅಕೌಂಟೆಂಟ್ ಒಬ್ಬರು ಫೋನ್ ಮಾಡಿದರು. ಸಾವಿರಾರು ಬಿಲ್ಲುಗಳಲ್ಲಿ ಒಂದು ಪೈಸೆ, ಎರಡು ಪೈಸೆ ಹೆಚ್ಚುಕಡಿಮೆ. ಅವರ ಹಳೆಯ ಪುಸ್ತಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ಇಲ್ಲ. ಹುಡುಗ ಮೊದಲು ಬರೆದದ್ದೇ ಸರಿ ಇತ್ತು. ಅದೇ ಅಕೌಂಟೆಂಟನ್ನು ಕೇಳಿಕೊಂಡೇ ಅವನು ಹಾಗೆ ಬರೆದಿದ್ದ.

ಅವತ್ತು ಮೊದಲ ಸಲ ನಾನು ಅವನಿಗೆ ಫೋನ್ ಮಾಡಿದೆ. ‘ನಿನಗೆ ಕಾರಣ ಗೊತ್ತಿತ್ತಲ್ಲೋ ಮಾರಾಯ, ಹೇಳೋದಲ್ವಾ?’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಹಿಂದೆ ಎಮ್ಮೆ ಕೂಗಿದ್ದು ಕೇಳಿಸಿತು. ಆಮೇಲೆ, ‘ಸಾರ್, ನೀವು ಬೈದ್ರಿ ಅನ್ಕಂಡೆ.’

ಬೈದದ್ದಲ್ಲ ಎಂದು ಹೇಳಿದೆ. ಆದರೆ ಫೋನ್ ಇಟ್ಟ ಮೇಲೆ ಆ ಪದವನ್ನೇ ನೋಡುತ್ತಾ ಕೂತೆ. ಇದನ್ನೇ ನಾನು ಎದುರಿಗೆ ಕೂತು ಕನ್ನಡದಲ್ಲಿ ಕೇಳಿದ್ದರೆ ಹೇಗೆ ಕೇಳುತ್ತಿದ್ದೆ? ‘ಇದ್ಯಾಕ್ರೀ ಹಿಂಗ್ ಮಾಡಿದ್ರಿ?’ ಎನ್ನುತ್ತಿದ್ದೆ. ಇನ್ನೂ ಸಲಿಗೆ ಇದ್ದರೆ ‘ಯಾಕೋ ತಮ್ಮಾ, ಇದೊಂದ್ ಸ್ವಲ್ಪ ಹೇಳು’ ಎನ್ನುತ್ತಿದ್ದೆ. ಆ ‘ರೀ’, ಆ ‘ತಮ್ಮಾ’, ಆ ‘ಒಂದ್ ಸ್ವಲ್ಪ’ ಇವೆಲ್ಲ ಅಲಂಕಾರಕ್ಕೆ ಇರುವ ಮಾತುಗಳಲ್ಲ. ನಾನು ಕೇಳುತ್ತಿದ್ದೇನೆ, ತಪ್ಪು ಹಿಡಿಯುತ್ತಿಲ್ಲ ಎಂದು ಹೇಳುವ ಕೆಲಸ ಅವುಗಳದು. ನಮ್ಮ ದಾವಣಗೆರೆ ಸೀಮೆಯಲ್ಲಿ ‘ಬನ್ನಿ’ ಎಂದರೆ ಸಾಲದು, ‘ಬರ್ರಿ’ ಎನ್ನಬೇಕು. ಜಗಳವಾಡುವಾಗಲೂ ‘ಏನ್ರೀ ನಿಮ್ದು?’ ಎಂದೇ ಶುರು. ‘ರೀ’ ಬಿಟ್ಟುಹೋಯಿತು ಎಂದರೆ ಕೈ ಮಿಲಾಯಿಸುವ ಹಂತ ಬಂತು ಎಂದು ಸುತ್ತ ನಿಂತವರಿಗೆ ಗೊತ್ತಾಗುತ್ತದೆ.

ನಮ್ಮಂಥವರು ಇಂಗ್ಲಿಷ್ ಕಲಿತದ್ದು ಪಠ್ಯಪುಸ್ತಕದಿಂದ. ಕೆಲಸ ನಡೆಯುವಷ್ಟು ಕಲಿತೆವು. ಆ ಭಾಷೆಯಲ್ಲೂ ಅದರದೇ ‘ರೀ’ಗಳು ಇರುತ್ತವೆ, ಅದನ್ನು ಹುಟ್ಟಿನಿಂದ ಆಡುವವರಿಗೆ ಗೊತ್ತಿರುತ್ತವೆ. ನಮಗೆ ಅವನ್ನು ಯಾರೂ ಕಲಿಸಲಿಲ್ಲ. ಹೀಗಾಗಿ ಕನ್ನಡದಲ್ಲಿ ಬೆಣ್ಣೆಯಂತೆ ಮಾತಾಡುವ ಮನುಷ್ಯ ಇಂಗ್ಲಿಷಿನಲ್ಲಿ ಬರೆದಾಗ ಪೊಲೀಸ್ ಪೇದೆಯ ಹಾಗೆ ಕೇಳಿಸುತ್ತಾನೆ. ‘ಇದು ತಪ್ಪು. ಬದಲಿಸು.’ ಬರೆಯುವವನ ತಲೆಯೊಳಗೆ ‘ರೀ’ ಇರುತ್ತದೆ. ಓದುವವನ ಪರದೆಯ ಮೇಲೆ ಇರುವುದಿಲ್ಲ. ಬೆಂಗಳೂರಿನ ತಂಡಗಳಲ್ಲಿ ನಾನು ಕಂಡ ಮನಸ್ತಾಪಗಳಲ್ಲಿ ಅರ್ಧಕ್ಕರ್ಧ ಇಂಥವು. ದ್ವೇಷದಿಂದ ಹುಟ್ಟಿದ್ದಲ್ಲ, ಒಂದು ಅಕ್ಷರ ಬಿಟ್ಟುಹೋದದ್ದರಿಂದ ಹುಟ್ಟಿದ್ದು.

ಬರಹದಲ್ಲಿ ‘ರೀ’ ಸೇರಿಸಲು ಹೆಚ್ಚು ಕಷ್ಟವಿಲ್ಲ. ‘ವೈ?’ ಎಂದು ಬರೆಯುವ ಬದಲು ‘ಒಂದೊಂದಕ್ಕೂ ಮಾಡದೆ ಕೊನೆಗೆ ಮಾಡಿದ್ದಕ್ಕೆ ಏನಾದರೂ ಕಾರಣವಿದೆಯೇ? ನನಗೆ ಗೊತ್ತಿಲ್ಲ’ ಎಂದು ಬರೆದಿದ್ದರೆ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತಿತ್ತು. ‘ನನಗೆ ಗೊತ್ತಿಲ್ಲ’ ಎನ್ನುವ ಆ ಎರಡು ಪದ ಬರೆಯುವುದಕ್ಕೆ ಹಿರಿಯರಿಗೆ ಮುಜುಗರ. ನನಗೂ ಇತ್ತು, ಈಗಲೂ ಒಮ್ಮೊಮ್ಮೆ ಇದೆ.

ನೋಯಿಸದೆ ತಪ್ಪು ತೋರಿಸುವುದು ಹೇಗೆ ಎನ್ನುವುದಕ್ಕೆ, ಅಡಿಕೆ ಸುಲಿಯುವ ಕಾಲದ ನಮ್ಮ ಮನೆಯ ಅಂಗಳದ ಒಂದು ಚಿತ್ರ ಹೇಳುತ್ತೇನೆ. ಈಗ ಎಲ್ಲ ಕಡೆ ಮಿಷನ್ ಬಂದಿದೆ. ಆಗ ಮೆಟ್ಟುಗತ್ತಿ. ಸಂಜೆಯಿಂದ ರಾತ್ರಿ ಹತ್ತು ಗಂಟೆಯವರೆಗೆ ಹದಿನೈದಿಪ್ಪತ್ತು ಹೆಂಗಸರು ಸಾಲಾಗಿ ಕೂತು ಸುಲಿಯುತ್ತಿದ್ದರು. ಕೊನೆಯಲ್ಲಿ ನಮ್ಮ ಹಿರಿಯಜ್ಜಿ ಕೂತು ಎಲ್ಲರ ರಾಶಿ ನೋಡುತ್ತಿದ್ದಳು. ಇದೂ ರಿವ್ಯೂನೇ. ಯಾರದಾದರೂ ರಾಶಿಯಲ್ಲಿ ಕತ್ತಿ ತಗುಲಿ ಕಚ್ಚು ಬಿದ್ದ ಅಡಿಕೆ ಹೆಚ್ಚಾಗಿ ಕಂಡರೆ ಅಜ್ಜಿ ಅವುಗಳನ್ನು ಆರಿಸಿ ಪಕ್ಕಕ್ಕಿಟ್ಟು, ಸುಲಿದವಳ ಕಡೆ ನೋಡದೆಯೇ ಹೇಳುತ್ತಿದ್ದಳು: ‘ಈ ಕತ್ತಿ ಮೊಂಡಾಗೈತಿ ನೋಡ್ರವ್ವಾ. ಬ್ಯಾರೇದು ಕೊಡ್ರಿ.’ ಕತ್ತಿ ಮೊಂಡಾಗಿರುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತು, ಸುಲಿದವಳಿಗೂ ಗೊತ್ತು. ಬೇರೆ ಕತ್ತಿ ಬರುತ್ತಿತ್ತು, ಕೈ ನಿಧಾನವಾಗುತ್ತಿತ್ತು, ಅಡಿಕೆ ನೆಟ್ಟಗಾಗುತ್ತಿತ್ತು.

ನಮ್ಮ ಕಸುಬಿನಲ್ಲೂ ಇದನ್ನು ಯೋಚಿಸಿದವರಿದ್ದಾರೆ. ಜೆರಾಲ್ಡ್ ವೈನ್‌ಬರ್ಗ್ ಎಂಬ ಅಮೆರಿಕದ ಲೇಖಕರು 1971ರಲ್ಲಿ ಪ್ರೋಗ್ರಾಮರುಗಳ ಮನಸ್ಸಿನ ಮೇಲೆ ಒಂದು ಇಡೀ ಪುಸ್ತಕ ಬರೆದರು. ಬರೆದ ಪ್ರೋಗ್ರಾಮನ್ನು ತನ್ನದೇ ಮೈಯ ಭಾಗ ಎಂದುಕೊಂಡವನು ಅದರ ತಪ್ಪು ಕಾಣಲಾರ, ಬೇರೆಯವರು ತೋರಿಸಿದರೂ ಸಹಿಸಲಾರ, ಆದ್ದರಿಂದ ಅಹಂ ಬಿಟ್ಟು ಒಬ್ಬರದನ್ನೊಬ್ಬರು ಓದುವ ರೂಢಿ ಬೇಕು ಎನ್ನುವುದು ಅದರ ತಿರುಳು. ಐದು ವರ್ಷದ ಮೇಲೆ ಐಬಿಎಮ್ಮಿನ ಮೈಕೆಲ್ ಫೇಗನ್ ಹೀಗೆ ಓದುವುದಕ್ಕೆ ಒಂದು ಕ್ರಮವನ್ನೇ ಕಟ್ಟಿದರು. ಓದಿದಾಗ ಸಿಕ್ಕ ತಪ್ಪುಗಳನ್ನು ಆ ಮನುಷ್ಯನ ಬಡ್ತಿ, ಸಂಬಳದ ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಅವರು ಒತ್ತಿ ಹೇಳಿದ ಮಾತು. ನಮ್ಮ ಅಜ್ಜಿ ಕೂಲಿ ಕೊಡುವಾಗ ಕಚ್ಚು ಬಿದ್ದ ಅಡಿಕೆಯ ಮಾತು ಎತ್ತುತ್ತಿರಲಿಲ್ಲ. ಎಷ್ಟೋ ಕಂಪನಿಗಳಲ್ಲಿ ಇವತ್ತಿಗೂ ಎತ್ತುತ್ತಾರೆ.

ಉಪಕರಣಗಳಿಗೂ ನಾಲಿಗೆ ಇರುತ್ತದೆ. ನಾವು ಬಳಸುವ ಗಿಟ್ ಎಂಬ ಸಾಧನದಲ್ಲಿ ಯಾವ ಸಾಲನ್ನು ಯಾರು, ಯಾವತ್ತು ಬರೆದರು ಎಂದು ತೋರಿಸುವ ಒಂದು ಆಜ್ಞೆ ಇದೆ. ಅದರ ಹೆಸರು ‘ಬ್ಲೇಮ್’, ಅಂದರೆ ದೂರು. ಅದಕ್ಕಿಂತ ಹಳೆಯದಾದ ಸಬ್‌ವರ್ಷನ್ ಎಂಬ ಸಾಧನದಲ್ಲೂ ಅದೇ ಆಜ್ಞೆ ಇತ್ತು. ಆದರೆ ಅದಕ್ಕೆ ಇನ್ನೊಂದು ಹೆಸರನ್ನೂ ಕೊಟ್ಟಿದ್ದರು: ‘ಪ್ರೇಸ್’, ಅಂದರೆ ಹೊಗಳಿಕೆ. ಎರಡರಲ್ಲಿ ಯಾವುದನ್ನು ಒತ್ತಿದರೂ ಉತ್ತರ ಒಂದೇ. ಅದನ್ನು ಮಾಡಿದ ಪುಣ್ಯಾತ್ಮ ಯಾರೋ, ನಮ್ಮಜ್ಜಿಯ ಜಾತಿಯವನೇ ಇರಬೇಕು.

ಇಷ್ಟು ಹೇಳಿದಾಗ ಒಂದು ಆಕ್ಷೇಪ ಬಂದೇ ಬರುತ್ತದೆ. ಕೆಲಸ ಚೆನ್ನಾಗಿ ಮಾಡುವವನ ಬಾಯಿ ಸ್ವಲ್ಪ ಜೋರಿದ್ದರೆ ಏನಾಯಿತು? ನಮ್ಮಲ್ಲಿ ಇದಕ್ಕೆ ಸಿದ್ಧ ಮಾತೇ ಇದೆ: ‘ಬಾಯಿ ಕೆಟ್ಟದು, ಮನಸ್ಸು ಒಳ್ಳೇದು.’ ಪ್ರತಿ ಮನೆಯಲ್ಲೂ ಇಂಥ ಒಬ್ಬ ದೊಡ್ಡಪ್ಪ ಇರುತ್ತಾರೆ. ಪ್ರೋಗ್ರಾಮರುಗಳ ಮನೆಯ ದೊಡ್ಡಪ್ಪ ಲಿನಸ್ ಟೊರ್ವಾಲ್ಡ್ಸ್. ಫಿನ್ಲೆಂಡಿನವರು. 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಪ್ರೋಗ್ರಾಮು ಶುರುಮಾಡಿದರು. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರ ಬುಡದಲ್ಲಿ ಇರುವುದು ಅದೇ. ಜಗತ್ತಿನ ಮೂಲೆಮೂಲೆಯಿಂದ ಸಾವಿರಾರು ಜನ ಅವರಿಗೆ ಕೆಲಸ ಕಳಿಸುತ್ತಾರೆ. ತಪ್ಪು ಮಾಡಿದವರನ್ನು ಅವರು ಪತ್ರಗಳಲ್ಲಿ, ಎಲ್ಲರ ಮುಂದೆ, ಹಿಗ್ಗಾಮುಗ್ಗಾ ಬೈಯುತ್ತಿದ್ದರು. ವರ್ಷಗಟ್ಟಲೆ ಅದನ್ನು ಒಂದು ತಮಾಷೆ ಎಂಬಂತೆ, ಪ್ರತಿಭೆಯ ಗುರುತು ಎಂಬಂತೆ ಜನ ಹೇಳಿಕೊಂಡು ಓಡಾಡಿದರು. ನಾನೂ ಹೇಳಿಕೊಂಡಿದ್ದೇನೆ.

2018ರ ಸೆಪ್ಟೆಂಬರ್ 16ರಂದು ಅದೇ ಮನುಷ್ಯ ಎಲ್ಲರಿಗೂ ಒಂದು ಪತ್ರ ಬರೆದರು. ತಾನು ಆಡಿದ ಮಾತುಗಳಿಂದ ಜನರಿಗೆ ನೋವಾಗಿದೆ, ಕೆಲವರು ಆ ಕೆಲಸವನ್ನೇ ಬಿಟ್ಟು ಹೋಗಿರಬಹುದು, ತನಗೆ ಬೇರೆಯವರ ಭಾವನೆ ಅರ್ಥವಾಗುವುದು ಕಡಿಮೆ, ಅದಕ್ಕೆ ನೆರವು ಪಡೆಯುತ್ತೇನೆ, ಅಲ್ಲಿಯವರೆಗೆ ದೂರ ಇರುತ್ತೇನೆ ಎಂದು ಕ್ಷಮೆ ಕೇಳಿದರು. ಅದೇ ಹೊತ್ತಿಗೆ ಲಿನಕ್ಸ್ ತಂಡಕ್ಕೆ ಬರಹದಲ್ಲಿ ಒಂದು ನಡವಳಿಕೆಯ ನಿಯಮಾವಳಿಯೂ ಬಂತು. ಮುಂದಿನ ತಿಂಗಳು ಅವರು ಮತ್ತೆ ಕೆಲಸಕ್ಕೆ ಬಂದರು. ಅಷ್ಟು ಎತ್ತರದಲ್ಲಿ ಕೂತವರು ಎಲ್ಲರೆದುರು ಹಾಗೆ ಬರೆಯುವುದು ಸಣ್ಣ ಸಂಗತಿಯಲ್ಲ. ನನ್ನನ್ನು ಕಾಡಿದ್ದು ಬೇರೆ. ಬೈಸಿಕೊಂಡು ಜಗಳವಾಡಿದವರ ಹೆಸರು ನಮಗೆ ಗೊತ್ತಿದೆ. ಒಂದೇ ಒಂದು ಬೈಗುಳ ಓದಿ, ಕಂಪ್ಯೂಟರ್ ಮುಚ್ಚಿ, ಇನ್ನೊಮ್ಮೆ ಆ ಕಡೆ ತಲೆಹಾಕದೆ ಹೋದವರು ಎಷ್ಟು ಜನ? ಅವರ ಲೆಕ್ಕ ಯಾವ ಸಾಧನದಲ್ಲೂ ಸಿಗುವುದಿಲ್ಲ. ನ್ಯಾಮತಿ ಕಡೆಯ ನಮ್ಮ ಹುಡುಗ ಆ ಎರಡು ದಿನ ಕೆಲಸ ಬಿಡುವ ಯೋಚನೆ ಮಾಡಿದ್ದ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಹಾಗೆಂದು ಸಿಹಿ ಮಾತೇ ಸದ್ಗುಣ ಎಂದುಕೊಂಡರೆ ಇನ್ನೊಂದು ಹಳ್ಳಕ್ಕೆ ಬೀಳುತ್ತೇವೆ. ಅದು ನಮ್ಮದೇ ಹಳ್ಳ. ‘ಆಯ್ತು ಸಾರ್’ ಎನ್ನುವ ಹಳ್ಳ.

ಪರದೇಶದ ಜನರು ನಮ್ಮ ಜೊತೆ ಕೆಲಸ ಮಾಡುವಾಗ ಮೊದಲು ತಲೆ ಕೆಡಿಸಿಕೊಳ್ಳುವುದು ಇದರ ಬಗ್ಗೆ. ಶುಕ್ರವಾರಕ್ಕೆ ಆಗುತ್ತದೆಯೇ ಎಂದು ಅವರು ಕೇಳುತ್ತಾರೆ. ನಾವು ತಲೆಯಾಡಿಸಿ ‘ಆಯ್ತು’ ಎನ್ನುತ್ತೇವೆ. ನಮ್ಮ ಆ ‘ಆಯ್ತು’ವಿನ ಅರ್ಥ ‘ನೀವು ಹೇಳಿದ್ದು ಕೇಳಿಸಿತು’ ಎಂದು. ಅವರು ತಿಳಿಯುವುದು ‘ಕೆಲಸ ಆಗುತ್ತದೆ’ ಎಂದು. ಹಿರಿಯರ ಮುಖಕ್ಕೆ ‘ಆಗಲ್ಲ’ ಎನ್ನುವುದು ನಮಗೆ ಒರಟುತನ. ಮದುವೆಗೆ ಕರೆಯಲು ಬಂದವರಿಗೆ ‘ಬರಲ್ಲ’ ಎಂದು ಯಾರು ಹೇಳುತ್ತಾರೆ? ‘ನೋಡೋಣ, ಬರೋಣ’ ಎನ್ನುತ್ತೇವೆ. ಕರೆದವರಿಗೂ ಅರ್ಥವಾಗುತ್ತದೆ, ಎಲೆಯ ಲೆಕ್ಕದಲ್ಲಿ ನಮ್ಮನ್ನು ಬಿಟ್ಟುಬಿಡುತ್ತಾರೆ. ಮದುವೆ ಮನೆಯಲ್ಲಿ ಇದು ನಡೆಯುತ್ತದೆ. ತಂಡದ ಕೆಲಸದಲ್ಲಿ ನಡೆಯುವುದಿಲ್ಲ. ನೀವು ಮಾಡುತ್ತೀರಿ ಎಂದು ನಂಬಿ ಕೆಳಗಿನ ಮಡಿಯವನು ರಾತ್ರಿಯೆಲ್ಲ ಬದುವಿನ ಮೇಲೆ ಕೂತಿರುತ್ತಾನೆ. ಶುಕ್ರವಾರ ಸಂಜೆ ಆರು ಗಂಟೆಗೆ ‘ಸ್ವಲ್ಪ ಬಾಕಿ ಇದೆ ಸಾರ್’ ಎನ್ನುವುದಕ್ಕಿಂತ ಮಂಗಳವಾರವೇ ‘ಇದು ಆಗಲ್ಲ ರೀ’ ಎಂದುಬಿಡುವುದು ಸಾವಿರ ಪಾಲು ಮರ್ಯಾದೆ. ಆ ಮಾತಿನಲ್ಲೂ ‘ರೀ’ಗೆ ಜಾಗ ಇದೆ ನೋಡಿ.

ಇನ್ನು ಸಣ್ಣಪುಟ್ಟವು. ಚಾಟಿನಲ್ಲಿ ‘ಹಾಯ್’ ಎಂದು ಬರೆದು ಸುಮ್ಮನೆ ಕೂರುವವರಿದ್ದಾರೆ. ಇದು ಬಾಗಿಲು ಬಡಿದು ಒಳಗೆ ಬಾರದೆ ಜಗಲಿಯಲ್ಲಿ ನಿಲ್ಲುವ ಹಾಗೆ. ಒಳಗಿರುವವರು ಮಾಡುವ ಕೆಲಸ ಬಿಟ್ಟು ಬಂದು ‘ಏನ್ರೀ’ ಎಂದು ಕೇಳಬೇಕು. ಬಂದ ವಿಷಯವನ್ನು ಅದೇ ಸಾಲಿನಲ್ಲಿ ಹೇಳಿಬಿಟ್ಟರೆ ಅವರು ಕೈ ಬಿಡುವಾದಾಗ ಉತ್ತರ ಕೊಡುತ್ತಾರೆ. ಹಾಗೆಯೇ ಶುಕ್ರವಾರ ಸಂಜೆ ಹೊಸ ಬದಲಾವಣೆ ಹಾಕಿ ಬಸ್ಸು ಹತ್ತುವವರು. ಶನಿವಾರ ಪಾಳಿಯಲ್ಲಿ ಕೂತವನು ಅನುಭವಿಸುತ್ತಾನೆ. ಇದು ಮಡೆ ಕಟ್ಟದೆ ಹೋಗಿ ಮಲಗುವವನ ಜಾತಿ. ಹಳ್ಳಿಯಿಂದ ಕೆಲಸ ಮಾಡುವವನಿಗೆ ವೀಡಿಯೊ ಹಾಕು, ವೀಡಿಯೊ ಹಾಕು ಎಂದು ಕಾಡುವುದೂ ಅಷ್ಟೆ. ಅವನ ನೆಟ್‌ವರ್ಕ್ ಮಾತಿಗೇ ಸಾಲದೆ ಒದ್ದಾಡುತ್ತಿರುತ್ತದೆ.

ಬೇರೆಯವರ ತೊಂದರೆಯನ್ನು ನೆನೆಯುವ ಈ ಗುಣಕ್ಕೆ, ಅಂತರ್ಜಾಲದ ಹುಟ್ಟಿನ ಕಥೆಯಲ್ಲಿ ನನಗೆ ಇಷ್ಟವಾದ ಒಂದು ಪ್ರಸಂಗ ಇದೆ. 1969ರಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ನಡೆದಿತ್ತು. ಅವು ಹೇಗೆ ಮಾತಾಡಿಕೊಳ್ಳಬೇಕು ಎನ್ನುವ ನಿಯಮ ಬರೆಯುವ ಹೊಣೆ ಬಿದ್ದದ್ದು ಕೆಲವು ವಿದ್ಯಾರ್ಥಿಗಳ ಮೇಲೆ. ಅವರಲ್ಲೊಬ್ಬ ಸ್ಟೀವ್ ಕ್ರಾಕರ್. ಗೆಳೆಯರ ಮನೆಯಲ್ಲಿ ಉಳಿದಿದ್ದ. ರಾತ್ರಿ ಬರೆಯಲು ಕೂತರೆ ಮಲಗಿದವರಿಗೆ ತೊಂದರೆಯಾಗುತ್ತದೆಂದು ಬಚ್ಚಲುಮನೆಯಲ್ಲಿ ಕೂತು ಮೊದಲ ಟಿಪ್ಪಣಿ ಬರೆದ. ಅದರ ತಾರೀಕು ಏಪ್ರಿಲ್ 7. ತಲೆಬರಹದಲ್ಲಿ ನಿಯಮ ಎಂದು ಹಾಕಲಿಲ್ಲ. ‘ನಾವು ಹುಡುಗರು, ಅಪ್ಪಣೆ ಕೊಡುವವರು ನಾವ್ಯಾರು’ ಎಂಬ ಅಳುಕಿನಲ್ಲಿ ‘ಅಭಿಪ್ರಾಯಕ್ಕಾಗಿ ಕೋರಿಕೆ’ ಎಂಬರ್ಥದ ಹೆಸರು ಇಟ್ಟ. ಆ ಮಾಲೆ ಇವತ್ತಿಗೂ ನಡೆಯುತ್ತಿದೆ, ಸಂಖ್ಯೆ 9000 ದಾಟಿದೆ. ಅಂತರ್ಜಾಲ ನಡೆಯುವುದೇ ಅವುಗಳ ಮೇಲೆ. ಹೆಸರು ಮಾತ್ರ ಈಗಲೂ ಕೋರಿಕೆಯೇ. ಮಲಗಿದವರ ನಿದ್ದೆ ಕೆಡಬಾರದೆಂದು ಬಚ್ಚಲಿಗೆ ಹೋಗಿ ಕೂತವನಿಂದ ಅಂಥ ಹೆಸರು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಅದು ಹೆಸರಿನ ವಿಷಯ, ಅಂದರೆ ಮಾಡಿದವರನ್ನು ನೆನೆಯುವುದು.

ಕನ್ನಡದಲ್ಲಿ ಕಂಪ್ಯೂಟರಿನ ಮೇಲೆ ಬರೆಯುವ ನಮ್ಮಲ್ಲಿ ಬಹಳ ಜನ ಬಳಸುವ ಕೀಲಿಮಣೆ ವಿನ್ಯಾಸ ಒಂದಿದೆ. ‘ಕನ್ನಡ’ ಎಂದು ಬರೆಯಲು ಐದೇ ಕೀಲಿ ಸಾಕು: ಕ, ನ, ಒತ್ತಕ್ಷರಕ್ಕೆಂದು ಎಫ್ ಕೀಲಿ, ಮತ್ತೆ ನ, ಡ. ಇದನ್ನು ರೂಪಿಸಿದವರು ಮಂಗಳೂರಿನ ಹತ್ತಿರ ಕಿನ್ನಿಕಂಬಳದ ಕೆ.ಪಿ. ರಾವ್. ಯಾರು ಬೇಕಾದರೂ ಬಳಸಿ ಎಂದು ಕೊಟ್ಟುಬಿಟ್ಟರು. ಅದೇ ವಿನ್ಯಾಸ ನುಡಿ ತಂತ್ರಾಂಶಕ್ಕೆ ಬಂತು. ಲಿನಕ್ಸಿನ ಪಟ್ಟಿಯಲ್ಲಿ ಹುಡುಕಿದರೆ ಅದು ‘ಕಗಪ’ ಎಂಬ ಹೆಸರಿನಲ್ಲಿ ಸಿಗುತ್ತದೆ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ದಿನವೂ ಆ ಐದು ಕೀಲಿ ಒತ್ತುವ ಹುಡುಗರನ್ನು ನಾನು ಕೇಳಿ ನೋಡಿದ್ದೇನೆ. ಕೆ.ಪಿ. ರಾವ್ ಯಾರು ಎಂದರೆ ಹತ್ತರಲ್ಲಿ ಒಬ್ಬನಿಗೂ ಗೊತ್ತಿರುವುದಿಲ್ಲ. ಇದರಲ್ಲಿ ಅವರ ತಪ್ಪಿಲ್ಲ. ಪಟ್ಟಿಯಲ್ಲಿ ಇಲ್ಲದ ಹೆಸರು ಅವರಿಗಾದರೂ ಎಲ್ಲಿಂದ ತಿಳಿಯಬೇಕು?

ಜಗತ್ತಿನಲ್ಲಿ ಹಂಚಿಕೊಳ್ಳುವ ಪ್ರೋಗ್ರಾಮುಗಳಿಗೆ ಪರವಾನಗಿ ಪತ್ರ ಇರುತ್ತದೆ. ಎಂಐಟಿ ಪರವಾನಗಿ ಎಂಬುದೊಂದು ಬಹಳ ಪ್ರಸಿದ್ಧ. ಒಂದು ಪುಟವೂ ಇಲ್ಲ. ಅದರಲ್ಲಿ ಹೇಳಿರುವುದಿಷ್ಟು: ಏನು ಬೇಕಾದರೂ ಮಾಡಿಕೊಳ್ಳಿ, ತಿದ್ದಿ, ಮಾರಿ, ದುಡ್ಡು ಮಾಡಿ. ಮಾಡಿದವರ ಹೆಸರಿರುವ ಈ ಚೀಟಿಯನ್ನು ಮಾತ್ರ ತೆಗೆಯಬೇಡಿ. ಅದೊಂದೇ ಷರತ್ತು.

ಇದನ್ನು ಮೊದಲು ಓದಿದಾಗ ನನಗೆ ನಮ್ಮ ಕೆರೆಯ ಐತಿಹ್ಯ ನೆನಪಾಯಿತು. ನೀವೂ ಕೇಳಿರುತ್ತೀರಿ. ಸ್ವರ್ಗಾವತಿ ಪಟ್ಟಣದ ರಾಜಕುಮಾರಿ ಶಾಂತವ್ವೆ ಕೆರೆ ಕಟ್ಟಿಸಲು ಹೊರಟಳಂತೆ. ಬೇಕಾಗಿದ್ದ ಜಾಗ ಸೂಳೆಯರ ಕೇರಿಯದು. ಅವರು ಮನೆಮಠ ಬಿಟ್ಟುಕೊಡಲು ಒಪ್ಪಿದರು. ಒಂದೇ ಷರತ್ತು ಹಾಕಿದರು: ಕೆರೆಗೆ ನಮ್ಮ ಹೆಸರಿರಬೇಕು. ಆ ಹೆಣ್ಣುಮಕ್ಕಳು ನೀರಿನ ತೆರಿಗೆ ಕೇಳಲಿಲ್ಲ, ಪಾಲು ಕೇಳಲಿಲ್ಲ. ಹೆಸರು ಉಳಿಯಲಿ ಎಂದರು.

ಬಿಲ್ಲಿನ ಲೆಕ್ಕ ಕೆಟ್ಟಿತ್ತಲ್ಲ, ಅದನ್ನು ಮತ್ತೆ ಹುಡುಗನ ಮೊದಲ ರೀತಿಗೇ ಬದಲಿಸಿದೆವು. ಬದಲಿಸುವಾಗ ನಾನು ಆ ಸಾಲಿನ ಮೇಲೆ ಮೂರು ಸಾಲಿನ ಟಿಪ್ಪಣಿ ಬರೆದೆ. ಕೊನೆಯಲ್ಲಿ ಪೂರ್ಣಾಂಕ ಮಾಡುವುದಕ್ಕೆ ಕಾರಣ ಇಂಥದ್ದು, ಇದನ್ನು ಕಂಡುಕೊಂಡವರು ಇಂಥವರು ಎಂದು ಹುಡುಗನ ಹೆಸರು ಹಾಕಿದೆ. ಆಮೇಲೆ ಅವನು ಬೇರೆ ಕಡೆ ಕೆಲಸಕ್ಕೆ ಹೋದ. ಕಳೆದ ವರ್ಷ ಆ ಪ್ರೋಗ್ರಾಮು ಪರದೇಶದ ಇನ್ನೊಂದು ತಂಡದ ಕೈಗೆ ಹೋಯಿತು. ಅವರು ಬಹಳಷ್ಟನ್ನು ಕೆಡವಿ ಹೊಸದಾಗಿ ಬರೆದರು. ಮೊನ್ನೆ ಯಾವುದೋ ಕೆಲಸಕ್ಕೆ ತೆಗೆದು ನೋಡಿದೆ. ಸುತ್ತಲಿನ ಸಾಲುಗಳಲ್ಲಿ ಒಂದೂ ನಮ್ಮದಲ್ಲ. ಆ ಮೂರು ಸಾಲು ಇದ್ದ ಹಾಗೇ ಇವೆ. ನ್ಯಾಮತಿ ಎಲ್ಲಿದೆ ಎಂದು ಗೊತ್ತಿಲ್ಲದ ಯಾರೋ ಆ ಹೆಸರನ್ನು ಜೋಪಾನವಾಗಿ ಉಳಿಸಿಕೊಂಡಿದ್ದಾರೆ.

ನಮ್ಮ ಕೆರೆಯ ಹೆಸರು ಕೆಲವರಿಗೆ ಮುಜುಗರ ತಂದಿತು. ಬೋರ್ಡಿನ ಮೇಲೆ ಶಾಂತಿಸಾಗರ ಬಂತು. ಅದೂ ಒಳ್ಳೆಯ ಹೆಸರೇ, ಕಟ್ಟಿಸಿದವಳ ನೆನಪು ಅದರಲ್ಲೂ ಇದೆ. ಆದರೆ ಚನ್ನಗಿರಿ ಕಡೆಯಿಂದ ಬಸ್ಸಿನಲ್ಲಿ ಬಂದರೆ ಕಂಡಕ್ಟರು ಬಾಗಿಲ ಬಳಿ ಜೋತುಬಿದ್ದು, ಸೀಟಿ ಊದಿ, ಈಗಲೂ ಕೂಗುವುದು ಹೀಗೆ: ‘ಸೂಳೆಕೆರೆ, ಸೂಳೆಕೆರೆ ಬಂತು, ಇಳೀರ್ರೀ!’